ಕೋಡ್ ನೋಡಿ ಸೆನ್ಸರ್ ಬದಲಿಸಲಿಲ್ಲ, ವೈರ್ ಹುಡುಕಿದರು

ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ಕಡೆಯ ಈ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ನಾನು ಹೋದದ್ದು ಬೇರೆ ಕಡೆ ದುಡ್ಡು ಕಳೆದುಕೊಂಡ ಮೇಲೆ. ಮೊದಲೇ ಇಲ್ಲಿಗೆ ಬರಬೇಕಿತ್ತು.

ಏಪ್ರಿಲ್‌ನಲ್ಲಿ ಅವ್ವನನ್ನು ಕರೆದುಕೊಂಡು ಗಾಣಗಾಪುರಕ್ಕೆ ಹೊರಟಿದ್ದೆ. ಚೌಡಾಪುರ ಇನ್ನೇನು ಬಂತು ಅನ್ನುವಾಗ ಚೆನ್ನಾಗಿ ಓಡುತ್ತಿದ್ದ ಕಾರು ಒಮ್ಮೆಲೇ ಆಫ್ ಆಯಿತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಮೇಲೆ ನಮ್ಮೂರ ಬಿಸಿಲು, ಪಕ್ಕದಲ್ಲಿ ಎಪ್ಪತ್ತು ದಾಟಿದ ಅವ್ವ. ದಾರಿಯಲ್ಲಿದ್ದವರು ಕಾರನ್ನು ಬೇವಿನ ಮರದ ನೆರಳಿಗೆ ತಳ್ಳಿಕೊಟ್ಟರು, ಮುಕ್ಕಾಲು ಗಂಟೆ ಬಾನೆಟ್ ತೆರೆದಿಟ್ಟು ಕೂತೆವು, ಆಮೇಲೆ ನೋಡಿದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್!

ವಾಪಸ್ ಬಂದು ಒಂದು ಗ್ಯಾರೇಜಿಗೆ ಹಾಕಿದೆ. ಅವರು ಸ್ಕ್ಯಾನರ್ ಚುಚ್ಚಿದರು, ಪಿ0335 ಅಂತ ಕೋಡ್, ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ನಂಬರ್ ಬಂತು, ‘ಕ್ರ್ಯಾಂಕ್ ಸೆನ್ಸರ್ ಹೋಗಿದೆ’ ಎಂದರು. ಸೆನ್ಸರ್‌ಗೆ 2,400, ಕೂಲಿ 500. ಕೋಡ್ ಅಳಿಸಿ ಕಳಿಸಿದರು. ಒಂಬತ್ತನೇ ದಿನ ಸೇಡಂ ರೋಡಿನಲ್ಲಿ ಮತ್ತೆ ಅದೇ ಕಥೆ. ಬಿಸಿಯಾದರೆ ಕೆಡುವುದು ಈ ಸೆನ್ಸರಿಗೆ ಆಗಾಗ ಬರುವ ಕಾಯಿಲೆಯೇ, ಹಾಗಾಗಿ ಅವರ ಊಹೆ ಪೂರ್ತಿ ತಪ್ಪು ಅನ್ನಲಾರೆ. ಆದರೆ ಊಹೆಯನ್ನು ಪರೀಕ್ಷೆ ಮಾಡದೆ ಗಿರಾಕಿಯ ದುಡ್ಡಿನಲ್ಲಿ ಸಾಮಾನು ಹಾಕುವುದು ಸರಿಯಲ್ಲ.

ಈ ಅಂಗಡಿಯ ಮಿಸ್ತ್ರಿ ಮೊದಲು ಸ್ಕ್ಯಾನರ್ ಮುಟ್ಟಲೇ ಇಲ್ಲ. ‘ಕುಂದ್ರಿ ಸರ, ಗಾಡಿ ಬಂದ್ ಆಗೂಮುಂದ ಏನೇನ್ ಆಗ್ತದ ಹೇಳ್ರಿ’ ಅಂದರು. ಆಫ್ ಆಗುವಾಗ ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಮೆಲ್ಲಗೆ ಇಳಿಯುತ್ತದಾ, ಒಮ್ಮೆಲೇ ಬೀಳುತ್ತದಾ? ಸೆಲ್ಫ್ ಹೊಡೆಯುವಾಗ ಮುಳ್ಳು ಸ್ವಲ್ಪವಾದರೂ ಅಲುಗುತ್ತದಾ? ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಒಮ್ಮೆಲೇ ಬೀಳುತ್ತದೆ, ಆಮೇಲೆ ಅಲುಗುವುದೇ ಇಲ್ಲ ಎಂದೆ. ಎಂಜಿನ್ ತಿರುಗುತ್ತಿದೆ ಅನ್ನುವ ಸುದ್ದಿಯನ್ನು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಮುಟ್ಟಿಸುವುದು ಈ ಕ್ರ್ಯಾಂಕ್ ಸೆನ್ಸರ್. ಸುದ್ದಿ ನಿಂತರೆ ಮುಳ್ಳೂ ಬೀಳುತ್ತದೆ, ಇಸಿಯು ಪ್ಲಗ್‌ಗೆ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ.

ಆಮೇಲೆ ಸ್ಟೇರಿಂಗ್ ಕೆಳಗಿನ 16 ಪಿನ್‌ನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರು. ಅದೇ ಪಿ0335. ಆದರೆ ಅಳಿಸಲಿಲ್ಲ. ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ಸ್ಪೀಡಿನಲ್ಲಿತ್ತು ಅನ್ನುವ ಲೆಕ್ಕವೂ ಒಳಗೆ ಉಳಿದಿರುತ್ತದಂತೆ. ಎಂಜಿನ್ ತಣಿಸುವ ನೀರು, ಅಂದರೆ ಕೂಲೆಂಟ್, 97 ಡಿಗ್ರಿ ಇತ್ತು. ಅದನ್ನೆಲ್ಲ ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಂಡರು. ಕೋಡ್ ಅಳಿಸಿದರೆ ಈ ಲೆಕ್ಕವೂ ಹೋಗುತ್ತದೆ, ಅದಕ್ಕೇ ಯಾರೇ ಆಗಲಿ ಬರೆದುಕೊಳ್ಳದೆ ಅಳಿಸಲು ಬಿಡಬೇಡಿ.

ನನಗೆ ಆವತ್ತು ಕಣ್ಣು ತೆರೆಸಿದ್ದು ಒಂದೇ ಮಾತು. ಸ್ಕ್ಯಾನರಿನ ಪರದೆ ತೋರಿಸಿ, ಕೋಡಿನ ಹೆಸರಿನ ಕೊನೆಗೆ ‘ಸರ್ಕ್ಯೂಟ್’ ಅಂತ ಇರುವುದನ್ನು ಬೆರಳಿಟ್ಟು ಓದಿಸಿದರು. ‘ಸೆನ್ಸರ್ ಹೋಗ್ಯದ ಅಂತ ಇದು ಎಲ್ಲಿ ಹೇಳ್ಯದ್ರಿ?’ ಸರ್ಕ್ಯೂಟ್ ಅಂದರೆ ಸೆನ್ಸರ್, ಅದಕ್ಕೆ ವೈರ್ ಜೋಡಿಸುವ ಕಪ್ಲರ್, ವೈರ್, ಅರ್ತ್, ಇಸಿಯು ತನಕ ಇಡೀ ದಾರಿ. ಆ ದಾರಿಯಲ್ಲಿ ಎಲ್ಲೋ ತೊಂದರೆ ಇದೆ ಅಂತಷ್ಟೇ ಕೋಡ್ ಹೇಳುತ್ತದೆ. ಎಲ್ಲಿ ಅಂತ ಹುಡುಕುವುದು ಮನುಷ್ಯನ ಕೆಲಸ, ಅಲ್ವಾ?

ಹುಡುಕಿದ ರೀತಿಯನ್ನೂ ಹೇಳುತ್ತೇನೆ. ನನ್ನ ಕಾರಿನ ಈ ಸೆನ್ಸರಿಗೆ ಮೂರು ವೈರ್. ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರು. ಒಂದರಲ್ಲಿ 5 ವೋಲ್ಟ್ ಬರುತ್ತಿದೆ, ಸರಿ. ಇನ್ನೊಂದರ ಅರ್ತ್ ಸರಿ. ಉಳಿದದ್ದು ಸಿಗ್ನಲ್ ವೈರ್, ತಣ್ಣಗಿರುವಾಗ ಅದೂ ಸರಿ. ಬೇರೆಯವರಾದರೆ ಇಲ್ಲಿಗೆ ಬಿಡುತ್ತಿದ್ದರು. ಇವರು ಎಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿಸಿ, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಲು ನನ್ನನ್ನೇ ಕೂರಿಸಿ, ಒಂದು ಕಟ್ಟಿಗೆ ತುಂಡಿನಿಂದ ವೈರಿನ ಗೊಂಚಲನ್ನು ಗೇಣು ಗೇಣು ಒತ್ತುತ್ತಾ ಹೋದರು. 800 ತೋರಿಸುತ್ತಿದ್ದದ್ದು ಸೊನ್ನೆ. ಎಂಜಿನ್ ಬಂದ್. ಇಬ್ಬರೂ ಒಟ್ಟಿಗೇ ‘ಸಿಕ್ತು’ ಅಂದೆವು!

ವೈರನ್ನು ಹಿಡಿದಿಡುವ ಒಂದು ಕ್ಲಿಪ್ ಇರಲೇ ಇಲ್ಲ. ಹಿಂದೆ ಯಾವುದೋ ರಿಪೇರಿಯಲ್ಲಿ ಬಿಚ್ಚಿದವರು ಮತ್ತೆ ಹಾಕಿಲ್ಲ. ಗೊಂಚಲು ಕಬ್ಬಿಣದ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಸಿಗ್ನಲ್ ವೈರಿನ ಸಿಪ್ಪೆ ಹೋಗಿ ತಾಮ್ರ ಕಾಣುತ್ತಿತ್ತು. ಬಿಸಿಗೆ ಮೆತ್ತಗಾಗಿ ಜೋತುಬಿದ್ದಾಗ ಬ್ರಾಕೆಟ್ಟಿಗೆ ತಾಗುತ್ತಿತ್ತು, ತಣ್ಣಗಾದರೆ ಬಿಡುತ್ತಿತ್ತು. ಬೇವಿನ ಮರದ ಕೆಳಗೆ ನಾವು ಕಾಯುತ್ತಿದ್ದದ್ದು ಇದಕ್ಕೇ.

ಸುಮ್ನೆ ಟೇಪ್ ಸುತ್ತಲಿಲ್ಲ. ಹಾಳಾದಷ್ಟು ವೈರ್ ಕತ್ತರಿಸಿ, ಹೊಸ ತುಂಡು ಬೆಸೆದು, ಸ್ಲೀವ್ ಹಾಕಿ, ಹೊಸ ಕ್ಲಿಪ್ ಕೂರಿಸಿದರು. ಒಟ್ಟು 850 ರೂಪಾಯಿ, ಅದರಲ್ಲಿ 500 ಹುಡುಕಿದ್ದಕ್ಕೆ ಅಂತ ನೇರವಾಗಿ ಹೇಳಿಯೇ ತೆಗೆದುಕೊಂಡರು. ಕೆಲವರಿಗೆ ಇದು ಜಾಸ್ತಿ ಅನಿಸಬಹುದು. ನನಗೆ ಅನಿಸಲಿಲ್ಲ, ಮೂರು ತಾಸು ಬಿಸಿ ಎಂಜಿನ್ ಮೇಲೆ ಬಗ್ಗಿ ನಿಂತವರನ್ನು ಕಣ್ಣಾರೆ ಕಂಡಿದ್ದೇನೆ.

ಕೊರತೆಗಳೂ ಇವೆ. ಕೂರಲು ಒಂದು ಸ್ಟೂಲ್ ಬಿಟ್ಟರೆ ಏನಿಲ್ಲ, ನೆರಳು ಕಡಿಮೆ. ಬಿಲ್ ಕೇಳಿದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ. ಗಡಿಬಿಡಿ ಇದ್ದವರಿಗೆ ಇದು ಆಗುವುದಿಲ್ಲ, ಅರ್ಧ ದಿನ ಇಟ್ಟುಕೊಂಡೇ ಹೋಗಬೇಕು. ಏರ್‌ಬ್ಯಾಗ್ ಲೈಟಿನ ಕೆಲಸ ಹಿಡಿಯುವುದಿಲ್ಲ, ಅದಕ್ಕೆ ಕಂಪನಿ ಸರ್ವಿಸ್ ಸೆಂಟರಿಗೇ ಹೋಗಿ ಎಂದು ಮೊದಲೇ ಹೇಳಿಬಿಡುತ್ತಾರೆ, ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ಮೂರು ತಿಂಗಳಾಯಿತು, ಕಾರು ಒಮ್ಮೆಯೂ ನಿಂತಿಲ್ಲ. ಅವ್ವನಿಗೆ ಗಾಣಗಾಪುರದ ದತ್ತನ ದರ್ಶನವೂ ಆಯಿತು. ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅಂಗಡಿ ಮುಚ್ಚಿ ಮೂರರ ಮೇಲೆ ತೆರೆಯುತ್ತಾರೆ.