ಬಾಡಿಗೆ ಲೆನ್ಸ್‌ಗೆ ಸಿಕ್ಕ ಸುವರ್ಣ ರಥ

ಮೈಸೂರಿನ ಅರಸು ರಸ್ತೆಯ ಆಸುಪಾಸಿನ ಒಂದು ಅಡ್ಡರಸ್ತೆಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ, ಕ್ಯಾಮೆರಾ ಮತ್ತು ಲೆನ್ಸ್‌ಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪುಟ್ಟ ಅಂಗಡಿಯಿದೆ. ಮದುವೆ ಫೋಟೊ ತೆಗೆಯುವವರೇ ಅಲ್ಲಿನ ಕಾಯಂ ಗಿರಾಕಿಗಳು. ರೈಲಿನ ಫೋಟೊಗೆಂದು ಹೋದ ನನಗೆ ಅಲ್ಲಿ ಸಿಕ್ಕಿದ್ದು 70–300 ಮಿ.ಮೀ. ಝೂಮ್ ಲೆನ್ಸ್, ದಿನಕ್ಕೆ 500 ರೂಪಾಯಿ ಬಾಡಿಗೆ, 5,000 ರೂಪಾಯಿ ಠೇವಣಿ, ಜೊತೆಗೆ ಆಧಾರ್ ಪ್ರತಿ. ಠೇವಣಿ ತುಸು ಹೆಚ್ಚಾಯಿತೆಂದು ಅನ್ನಿಸಿತಾದರೂ ಲೆನ್ಸಿನ ಸ್ಥಿತಿ ನೋಡಿದ ಮೇಲೆ ಚೌಕಾಸಿ ಮಾಡುವ ಮನಸ್ಸಾಗಲಿಲ್ಲ.

ಈ ಅಂಗಡಿಯ ದೊಡ್ಡ ಗುಣವೆಂದರೆ ವಸ್ತುವನ್ನು ಸುಮ್ಮನೆ ಚೀಲಕ್ಕೆ ಹಾಕಿ ಕೊಡುವುದಿಲ್ಲ. ಮಾಲೀಕರು ಲೆನ್ಸಿನ ಹಿಂಬದಿಯಿಂದ ಟಾರ್ಚ್ ಹಾಯಿಸಿ, ಗಾಜಿನೊಳಗೆ ಬೂಷ್ಟು ಹಿಡಿದಿಲ್ಲವೆಂಬುದನ್ನು ನನಗೇ ತೋರಿಸಿದರು. ಮಳೆಗಾಲದಲ್ಲಿ ಬೀರುವಿನೊಳಗೆ ಇಟ್ಟ ಲೆನ್ಸ್‌ಗಳು ಹೇಗೆ ಹಾಳಾಗುತ್ತವೆಂಬುದು ಅನುಭವಿಸಿದವರಿಗೆ ಗೊತ್ತು. ನಂತರ ನನ್ನ ಕ್ಯಾಮೆರಾಕ್ಕೆ ಅದನ್ನು ಜೋಡಿಸಿ, ಕಿಟಕಿಯಾಚೆಯ ತಂತಿಯ ಮೇಲೆ ಕೂತಿದ್ದ ಕಾಗೆಯತ್ತ ಫೋಕಸ್ ಮಾಡಿಸಿದರು. ಹಿಂದಿನ ಗಿರಾಕಿ ಲೆನ್ಸಿನ ಫೋಕಸ್ ಸ್ವಿಚ್ಚನ್ನು ಮ್ಯಾನ್ಯುಯಲ್‌ನಲ್ಲೇ, ಅಂದರೆ ಕೈಯಿಂದ ಫೋಕಸ್ ಮಾಡುವ ಸ್ಥಿತಿಯಲ್ಲೇ, ಬಿಟ್ಟುಹೋಗಿದ್ದ ಸಂಗತಿ ಬೆಳಕಿಗೆ ಬಂದದ್ದು ಆಗ. "ಸ್ವಿಚ್ ಒಂದ್ಸಲ ನೋಡ್ಕೊಂಬಿಡಿ ಸಾರ್, ಆಮೇಲೆ ರೈಲು ನಿಮಗೋಸ್ಕರ ನಿಲ್ಲಲ್ಲ" ಎಂದು ಅವರು ನಕ್ಕರು.

ನಾನು ಹೊರಟಿದ್ದು ಚೆನ್ನೈನಿಂದ ಮೈಸೂರಿಗೆ ಬರುವ ವಂದೇ ಭಾರತ್ ರೈಲಿಗಾಗಿ. 2022ರ ನವೆಂಬರ್‌ನಲ್ಲಿ ಆರಂಭವಾದ ಈ ರೈಲು ಈ ಭಾಗದವರಿಗೆ ಹೊಸತೇನೂ ಅಲ್ಲ, ಆದರೆ ಅದರ ಒಂದು ಒಳ್ಳೆಯ ಚಿತ್ರ ನನ್ನ ಬಳಿ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ ಮೇಲೆ ಜೋಡಿ ಹಳಿಗಿದ್ದ ತೊಡಕು ನಿವಾರಣೆಯಾಯಿತು. ಆದರೆ ಹಳಿಗಳೊಂದಿಗೆ ವಿದ್ಯುತ್ ಕಂಬಗಳೂ ಬಂದುದರಿಂದ, ಕಂಬ ಅಡ್ಡ ಬಾರದ ಜಾಗ ಹುಡುಕುವುದೇ ಈಗ ಫೋಟೊ ತೆಗೆಯುವವರ ಮೊದಲ ಕೆಲಸ. ಪಾಂಡವಪುರ ನಿಲ್ದಾಣ ದಾಟಿದ ಮೇಲೆ, ಕಬ್ಬಿನ ಗದ್ದೆಯ ಬದುವಿನ ಮೇಲೆ, ರೈಲ್ವೆ ಜಾಗದಿಂದ ಆಚೆಗೆ ನಿಂತೆ. ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಹಳಿಯ ಜಾಗಕ್ಕೆ ಅತಿಕ್ರಮ ಪ್ರವೇಶ ಮಾಡಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಉದ್ದದ ಲೆನ್ಸ್ ಬಾಡಿಗೆಗೆ ತಂದದ್ದರ ಅರ್ಧ ಕಾರಣವೇ ದೂರದಲ್ಲಿ ನಿಲ್ಲುವುದು.

ಹನ್ನೊಂದೂವರೆಯ ಹೊತ್ತಿಗೆ ಮಂಡ್ಯದ ಕಡೆಯಿಂದ ಹಾರನ್ ಕೇಳಿಸಿತು. ವಂದೇ ಭಾರತ್‌ಗೆ ಇನ್ನೂ ಹೊತ್ತಿತ್ತು; ಯಾವುದೋ ಗೂಡ್ಸ್ ಇರಬೇಕೆಂದು ಉದಾಸೀನದಿಂದಲೇ ಕ್ಯಾಮೆರಾ ಎತ್ತಿದೆ. ಎಂದಿನ ಬಿಳಿ–ಕೆಂಪು ಎಂಜಿನ್ನಿನ ಹಿಂದೆ ತಿರುವಿನಲ್ಲಿ ಬಿಚ್ಚಿಕೊಂಡದ್ದು ನೇರಳೆ ಮತ್ತು ಹೊಂಬಣ್ಣದ ಬೋಗಿಗಳು: ಸುವರ್ಣ ರಥ! 2008ರಲ್ಲಿ ಆರಂಭವಾದ ಈ ಐಷಾರಾಮಿ ಪ್ರವಾಸಿ ರೈಲಿನ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಮುಂತಾದ ರಾಜಮನೆತನಗಳ ಹೆಸರುಗಳಿವೆ. ಅದು ವರ್ಷದ ಎಲ್ಲ ದಿನ ಓಡುವುದಿಲ್ಲ. ನಿತ್ಯದ ವೇಳಾಪಟ್ಟಿ ನೋಡಿಕೊಂಡು ಹೋಗಿ ಕಾಯುವ ರೈಲೂ ಅಲ್ಲ.

ಸ್ವಿಚ್ ಸರಿಯಾಗಿದ್ದುದರಿಂದ ಫೋಕಸ್ ತಕ್ಷಣ ಹಿಡಿಯಿತು. ಸಿಕ್ಕಿದ್ದು ಇಪ್ಪತ್ತೆರಡು ಫ್ರೇಮುಗಳು. ನನ್ನ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ 300 ಮಿ.ಮೀ. ಎಂಬುದು 450 ಮಿ.ಮೀ. ಲೆನ್ಸಿನಷ್ಟು ಹತ್ತಿರಕ್ಕೆ ಎಳೆಯುತ್ತದೆ. ಬೋಗಿಗಳು ಒಂದರ ಬೆನ್ನಿಗೊಂದು ಒತ್ತಿಕೊಂಡಂತೆ ಕಾಣುವ ಸೊಗಸು ಬರುವುದು ಆ ಉದ್ದದಿಂದಲೇ. ಮೊದಲ ಐದು ಚಿತ್ರಗಳು ನಡುಗಿದಂತಿವೆ. ಅದು ಲೆನ್ಸಿನ ತಪ್ಪಲ್ಲ, ಕಾದ ಹಳಿಯ ಮೇಲಿನ ಬಿಸಿಲ ಝಳದ್ದು. ರೈಲು ಸಮೀಪಿಸಿದಂತೆ ಚಿತ್ರ ಚುರುಕಾಗುತ್ತಾ ಹೋಗಿದೆ. ಗಂಟೆಗೆ 90 ಕಿ.ಮೀ. ವೇಗದ ರೈಲು ಒಂದು ಚಿತ್ರ ಸೆರೆಯಾಗುವ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಎರಡೂವರೆ ಸೆಂಟಿಮೀಟರ್ ಸರಿಯುತ್ತದೆ. ಎದುರಿನಿಂದ ಬರುವಾಗ ಅದು ಗೊತ್ತಾಗದು, ಪಕ್ಕದಲ್ಲಿ ಹಾಯುವಾಗ ಗೊತ್ತಾಗುತ್ತದೆ. ಹಾಗಿದ್ದೂ ಹದಿನೇಳನೆಯ ಫ್ರೇಮಿನಲ್ಲಿ ಊಟದ ಬೋಗಿಯ ಕಿಟಕಿ, ಅದರೊಳಗೆ ಬಿಳಿ ಮೇಜುಬಟ್ಟೆ, ಅದರ ಮೇಲೆ ತಟ್ಟೆಯಿಡುತ್ತಿರುವ ಒಂದು ಕೈ, ಇಷ್ಟೂ ಮೂಡಿವೆ. ಆ ಕೈಯನ್ನು ನಾನು ಕಂಡದ್ದು ಮನೆಗೆ ಬಂದ ಮೇಲೆ.

ಕೊರತೆಗಳನ್ನೂ ಹೇಳಬೇಕು. ಲೆನ್ಸಿನ ಜೊತೆ ಹುಡ್ (ಬಿಸಿಲು ಗಾಜಿಗೆ ನೇರ ಬೀಳದಂತೆ ತಡೆಯುವ ಮರೆ) ಇರಲಿಲ್ಲ, ಯಾರೋ ಕಳೆದುಹಾಕಿದ್ದಾರಂತೆ. ಟೋಪಿಯನ್ನು ಅಡ್ಡ ಹಿಡಿಯಲು ಹೋಗಿ ಒಂದು ಚಿತ್ರದಲ್ಲಿ ಟೋಪಿಯ ಅಂಚೇ ಬಂದುಬಿಟ್ಟಿದೆ, ಇನ್ನೆರಡರಲ್ಲಿ ನೇರಳೆ ಬಣ್ಣ ಬೆಳಕಿನ ಮಂಜಿನಲ್ಲಿ ತೊಳೆದುಹೋದಂತಿದೆ. ರಾತ್ರಿ ಎಂಟರವರೆಗೆ ತೆರೆದಿರುತ್ತದೆಂದು ಹೇಳಿದ್ದ ಅಂಗಡಿ ನಾನು ಏಳೂಕಾಲಿಗೆ ಹೋದಾಗ ಮುಚ್ಚಿತ್ತು, ಮರುದಿನ ಬೆಳಿಗ್ಗೆ ಎರಡನೆಯ ದಿನದ ಬಾಡಿಗೆಯನ್ನೂ ಕೇಳಿದರು. ವಾದಿಸಿದ ಮೇಲೆ ಬಿಟ್ಟರಾದರೂ ಅಷ್ಟು ಮಾತಿಗೆ ಅವಕಾಶವೇ ಇರಬಾರದಿತ್ತು. ಠೇವಣಿ ಮಾತ್ರ ಒಂದು ರೂಪಾಯಿ ಮುರಿದುಕೊಳ್ಳದೆ ವಾಪಸು ಬಂತು.

ಅಂದಹಾಗೆ, ವಂದೇ ಭಾರತ್ ಕೂಡ ಸಮಯಕ್ಕೆ ಸರಿಯಾಗಿ ಬಂತು. ಅದರ ಚಿತ್ರಗಳು ಚೆನ್ನಾಗಿಯೇ ಇವೆ, ಇನ್ನೂ ಕಾರ್ಡಿನಿಂದ ಇಳಿಸಿಕೊಂಡಿಲ್ಲ.