ಚೀನೀ ಭಾಷೆಯ 'ಹೊತ್ತು' ಕಲಿಸುವ ಕೋರ್ಸ್: ನುಡಿಗಟ್ಟು ಚೆನ್ನ, ಗಡಿಯಾರ ಸಪ್ಪೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಬಿಡಿಭಾಗಗಳು ಚೀನಾದ ಶೆಂಜೆನ್‌ನಿಂದ ಬರುತ್ತವೆ. ಅಲ್ಲಿಯವರ ಜೊತೆ ಮಾತೆಲ್ಲ 'ಯಾವಾಗ ಕಳಿಸ್ತೀರಿ' ಅನ್ನೋದರ ಸುತ್ತಲೇ. ಅದಕ್ಕೇ ಕಾಲದ ಪದ, ನುಡಿಗಟ್ಟುಗಳನ್ನಷ್ಟೇ ಕಲಿಸುವ ಈ ಆನ್‌ಲೈನ್ ಮ್ಯಾಂಡರಿನ್ ಕೋರ್ಸಿಗೆ 1,500 ರೂಪಾಯಿ ಕಟ್ಟಿದೆ.

ಶುರು ಚೆನ್ನಾಗಿದೆ. ಹೋದ ತಿಂಗಳಿಗೆ 'ಶಾಂಗ್', ಅಂದರೆ ಮೇಲಿನದು. ಬರುವ ತಿಂಗಳಿಗೆ 'ಶಿಯಾ', ಕೆಳಗಿನದು. ಮೊನ್ನೆ ಅನ್ನೋದಕ್ಕೆ 'ಚಿಯೆನ್ ಥಿಯೆನ್', ಎದುರಿನ ದಿನ. ನಾಡಿದ್ದು 'ಹೋ ಥಿಯೆನ್', ಬೆನ್ನ ಹಿಂದಿನ ದಿನ! ನಮಗೆ ಪೂರ್ತಿ ಉಲ್ಟಾ. ಮಾಲು ಹೊರಟಿದೆಯೋ ಹೊರಡಬೇಕೋ ಅನ್ನೋದು ಈ ಒಂದು ಪದದಲ್ಲಿದೆ, ಟೀಚರ್ ಇಲ್ಲಿ ಸಾವಧಾನವಾಗಿ ಅಭ್ಯಾಸ ಮಾಡಿಸುತ್ತಾರೆ.

ನನಗೆ ಜಾಸ್ತಿ ಹಿಡಿಸಿದ್ದು 'ಖ' ಪಾಠ. ಕಾಲು ಗಂಟೆಗೆ ಈ ಹೆಸರು. ಮೂಲ ಅರ್ಥ ಕೆತ್ತುವುದು. ನೀರಿನ ಗಡಿಯಾರದ ಅಳತೆ ಕಡ್ಡಿಯ ಮೇಲೆ ಗೀರು ಕೆತ್ತುತ್ತಿದ್ದರಂತೆ. ಹಿಂದೆ ದಿನಕ್ಕೆ 100 ಖ ಇತ್ತು. ಚಿಂಗ್ ರಾಜರ ಕಾಲದಲ್ಲಿ 96 ಮಾಡಿದರು, ಆಗ ಒಂದು ಖ ಸರಿಯಾಗಿ 15 ನಿಮಿಷಕ್ಕೆ ಕೂತಿತು. 'ಒಂದಂಗುಲ ಹೊತ್ತು ಒಂದಂಗುಲ ಬಂಗಾರ' ಅನ್ನುವ ಗಾದೆಯನ್ನೂ ಸೊಗಸಾಗಿ ಬಿಡಿಸಿದ್ದಾರೆ. ಅಲ್ಲಿ ಹೊತ್ತಿಗೆ ಬಳಸುವ ಪದವೇ ಬೆಳಕು-ನೆರಳು.

ಆದರೆ 'ಜಾವೊ ಸಾನ್ ಮು ಸ್ಸ', ಬೆಳಿಗ್ಗೆ ಮೂರು ಸಂಜೆ ನಾಲ್ಕು, ಇದರಲ್ಲಿ ಎಡವಿದ್ದಾರೆ. ಜುವಾಂಗ್‌ಜಿ ಅನ್ನುವ ಹಳೇ ಚೀನೀ ಗ್ರಂಥದ ಕೋತಿಗಳ ಕಥೆ ಅದು. ಮೂರು-ನಾಲ್ಕು ಕಾಯಿ ಅಂದಾಗ ಸಿಟ್ಟಾದ ಕೋತಿಗಳು ನಾಲ್ಕು-ಮೂರು ಅಂದಾಗ ಖುಷಿಪಟ್ಟವು. ಕಥೆ ಹೇಳಿ ಮುಗಿಸಿದರು. ಇವತ್ತು ಜನ ಇದನ್ನು ಗಳಿಗೆಗೊಂದು ಮನಸ್ಸಿನವರಿಗೆ ಬೈಯಲು ಬಳಸುತ್ತಾರೆ ಅನ್ನೋದನ್ನು ಹೇಳಲೇ ಇಲ್ಲ. ಸುಮ್ನೆ ಸಪ್ಲೈಯರ್‌ಗೆ ಬರೆದು ಕಳಿಸಿದರೆ ಗತಿ ಏನು?

'ಮಾ ಶಾಂಗ್' ಕೂಡ ಹಾಗೇ. ಅಕ್ಷರಶಃ ಕುದುರೆ ಮೇಲೆ, ಅರ್ಥ 'ಈಗಲೇ'. ನಿಜದಲ್ಲಿ ಅದು ನಮ್ಮ 'ಬಂದೇ ಬಿಟ್ಟೆ' ಥರ, ಎಷ್ಟು ಬೇಕಾದರೂ ಎಳೆಯಬಹುದು. ಕೋರ್ಸ್ ಇದಕ್ಕೆ ತುಟಿ ಬಿಚ್ಚಿಲ್ಲ.

ಗಡಿಯಾರದ ಪಾಠವಂತೂ ಓಡಿಸಿಬಿಟ್ಟಿದ್ದಾರೆ. ಎರಡು ಗಂಟೆಗೆ ಎಣಿಸುವಾಗ ಹೇಳುವ 'ಅರ್' (ಎರಡು) ಅಲ್ಲ, 'ಲಿಯಾಂಗ್' ಅನ್ನಬೇಕು. ತಾರೀಖು ಬರೆಯುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಇನ್‌ವಾಯ್ಸ್ ನೋಡುವವರಿಗೆ ಬೇಕಾದ್ದೇ ಇದು. ಎರಡಕ್ಕೂ ಒಂದೊಂದು ಸ್ಲೈಡ್, ಅಷ್ಟೇ. ಕೆಲವು ಪದಗಳಿಗೆ ಆಡಿಯೊ ಕೂಡ ಇಲ್ಲ. ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬದಲಾಗುವ ಭಾಷೆಗೆ ಇದು ಸಣ್ಣ ಕೊರತೆಯಲ್ಲ.

ಐದಕ್ಕೆ ಮೂರು ಸ್ಟಾರ್. ಭಾಷೆಯ ಖುಷಿಗೆ ಕಲಿಯುವವರು ತಗೊಳ್ಳಿ. ವ್ಯಾಪಾರಕ್ಕೆ ಬೇಕಿದ್ದರೆ ಡೆಮೊದಲ್ಲಿ ಗಡಿಯಾರದ ಪಾಠ ತೋರಿಸಿ ಅಂತ ಕೇಳಿ, ಆಮೇಲೆ ದುಡ್ಡು ಕಟ್ಟಿ.