ಬ್ರಷ್ ಕಟರ್ ತಂಡಕ್ಕೆ ಸುರಕ್ಷತೆಯ ಪಾಠ: ಅಂಗಡಿ ಡೆಮೊ, ಸಭಾಂಗಣದ ತರಗತಿ, ತೋಟದ ಹತ್ತು ನಿಮಿಷ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಬ್ರಷ್ ಕಟರ್ (ಕಳೆ ಕತ್ತರಿಸುವ ಎಂಜಿನ್ ಯಂತ್ರ) ಹಿಡಿದು ಕಳೆ ಹೊಡೆಯುವವರಿಗೆ ಸುರಕ್ಷತೆ ಕಲಿಸಲು ಅಂಗಡಿಯ ಡೆಮೊ, ಸಭಾಂಗಣದ ತರಗತಿ, ತೋಟದಲ್ಲೇ ದಿನಕ್ಕೆ ಹತ್ತು ನಿಮಿಷದ ಪಾಠ ಎಂಬ ಮೂರು ದಾರಿಗಳನ್ನೂ ನಮ್ಮ ತಂಡಗಳ ಮೇಲೆ ಪ್ರಯೋಗಿಸಿ ನೋಡಿದ್ದೇವೆ.

ಅಂಗಡಿಯವರ ಡೆಮೊ ಯಂತ್ರದ ಪಾಠ, ಅಷ್ಟೇ. ಚೋಕ್ ಹಾಕುವುದು, ಎಣ್ಣೆ ಬೆರೆಸುವುದು (50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. 2ಟಿ ಎಣ್ಣೆ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ), ಬ್ಲೇಡಿನ ನಟ್ ಉಲ್ಟಾ ಥ್ರೆಡ್ ಆದ್ದರಿಂದ ಗಡಿಯಾರದ ದಿಕ್ಕಿಗೆ ತಿರುಗಿಸಿ ಬಿಚ್ಚುವುದು: ಇಷ್ಟನ್ನು ಚೆನ್ನಾಗಿ ತೋರಿಸುತ್ತಾರೆ. ಆದರೆ ಡೆಮೊ ನಡೆಯುವುದು ಕಲ್ಲಿಲ್ಲದ ಹುಲ್ಲಿನಲ್ಲಿ. ಸಡಿಲ ಕಲ್ಲಿನ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಏನಾಗುತ್ತದೆಂದು ಅಲ್ಲಿ ಗೊತ್ತಾಗುವುದಿಲ್ಲ.

ಸಭಾಂಗಣದ ಒಂದು ದಿನದ ತರಗತಿ "ಏಕೆ" ಎಂಬುದಕ್ಕೆ ಒಳ್ಳೆಯದು. ಮೇಲಿನಿಂದ ನೋಡಿದರೆ ಬ್ಲೇಡ್ ಅಪ್ರದಕ್ಷಿಣವಾಗಿ ತಿರುಗುತ್ತದೆ. ಬ್ಲೇಡನ್ನೇ ಗಡಿಯಾರದ ಮುಖ ಎಂದುಕೊಂಡರೆ, ನೇರ ಮುಂದಿನ 12ರಿಂದ ಬಲಗಡೆಯ 3ರ ನಡುವಿನ ಭಾಗ ಬೊಡ್ಡೆಗೆ ತಾಗಿದರೆ ಯಂತ್ರ ಬಲಕ್ಕೋ ಹಿಂದಕ್ಕೋ ಒದೆಯುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ, ಬ್ಲೇಡಿನ ಎಡಭಾಗದಲ್ಲೇ ಕತ್ತರಿಸಬೇಕು. ಚಿತ್ರ ಬರೆದರೆ ಇದು ತಕ್ಷಣ ತಲೆಗೆ ಹೋಗುತ್ತದೆ, ಕೈಗೆ ಮಾತ್ರ ಬರುವುದಿಲ್ಲ. ರಕ್ತಸ್ರಾವವಾದಾಗ ಗಾಯವನ್ನು ಒತ್ತಿ ಹಿಡಿಯುವುದು, ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟದೆ, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ಆಸ್ಪತ್ರೆಗೆ ಒಯ್ಯುವುದು ಇವುಗಳಿಗೂ ತರಗತಿಯೇ ಸರಿ. ಮಧ್ಯಾಹ್ನ ಊಟದ ನಂತರ ಸ್ಲೈಡ್ ಹಾಕಬೇಡಿ, ಯಾರೂ ಎಚ್ಚರವಿರುವುದಿಲ್ಲ.

ತೋಟದ ಹತ್ತು ನಿಮಿಷಕ್ಕೆ ನಮ್ಮ ಮತ. ಮೊದಲು ಎಲ್ಲರೂ ಕೂಡಿ ಆ ದಿನ ಕಳೆ ಹೊಡೆಯುವ ಜಾಗವನ್ನು ಒಂದು ಸುತ್ತು ನಡೆದು ನೋಡುತ್ತಾರೆ: ಕಲ್ಲು, ಬೇಲಿ ತಂತಿ, ಸ್ಪ್ರಿಂಕ್ಲರ್ ಪೈಪು, ಬೊಡ್ಡೆ. ತೆಗೆಯಲಾಗದ್ದಕ್ಕೆ ಕೋಲು ನೆಟ್ಟು ಬಟ್ಟೆ ಕಟ್ಟುತ್ತಾರೆ. ಆಮೇಲೆ ಎಂಜಿನ್ ಆಫ್ ಇದ್ದಾಗ ಗಾರ್ಡ್, ಬ್ಲೇಡಿನ ಬಿರುಕು, ಸೊಂಟದ ಬೆಲ್ಟು ನೋಡುವುದು. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಬಿಟ್ಟರೂ ಬ್ಲೇಡ್ ಸುತ್ತುತ್ತಿದ್ದರೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಾಗಿನ ಎಂಜಿನ್ ವೇಗ) ಹೊಂದಿಸುವವರೆಗೆ ಆ ಯಂತ್ರ ಕೆಲಸಕ್ಕಿಲ್ಲ. ಜಾಲರಿ ಮುಖಕವಚದ ಒಳಗೆ ಕನ್ನಡಕ ಕಡ್ಡಾಯ, ಏಕೆಂದರೆ ಸಣ್ಣ ಚೂರು ಜಾಲರಿಯ ತೂತಿನಲ್ಲೇ ನುಗ್ಗುತ್ತದೆ. ಗಾರ್ಡ್ ಬಿಚ್ಚಿ (ಬ್ಲೇಡಿನ ಬದಲು ಹಾಕುವ) ನೈಲಾನ್ ದಾರ ಉದ್ದ ಬಿಡುವುದು, ದಾರದ ಬದಲು ಕಬ್ಬಿಣದ ತಂತಿ ಕಟ್ಟುವುದು ಎರಡಕ್ಕೂ ಇಲ್ಲಿಯೇ ತಡೆ. ತಂತಿ ತುಂಡಾದರೆ ಗುಂಡಿನಂತೆ ಹಾರುತ್ತದೆ.

ಯಂತ್ರದಿಂದ 15 ಮೀಟರ್ ಒಳಗೆ ಯಾರೂ ಬರಬಾರದು. ಕಿವಿಗೆ ಇಯರ್‌ಮಫ್ ಇದ್ದವನಿಗೆ ಕೂಗು ಕೇಳಿಸದು. ಹಿಂದಿನಿಂದ ಹೋಗದೆ, ದೂರ ಬಿಟ್ಟು ಎದುರಿಗೆ ಸುತ್ತಿ ಬಂದು ಕೈ ಎತ್ತಬೇಕು.

ಈ ಹತ್ತು ನಿಮಿಷದ ಪಾಠದ ದೋಷವೂ ದೊಡ್ಡದೇ: ದಿನವೂ ಮೇಸ್ತ್ರಿಯೊಬ್ಬರೇ ಮಾತಾಡಿದರೆ ಅದು ಮಂತ್ರ ಹೇಳಿದಂತಾಗಿ, ಕೇಳುವವರೇ ಇರುವುದಿಲ್ಲ. ಸರದಿಯಂತೆ ಒಬ್ಬೊಬ್ಬರೂ ಯಂತ್ರದ ಒಂದು ದೋಷ ಹುಡುಕಿ ತೋರಿಸಲಿ. ಈ ಹತ್ತು ನಿಮಿಷ ಕೂಲಿ ಲೆಕ್ಕದೊಳಗೇ ಇರಬೇಕು. ಇಲ್ಲದಿದ್ದರೆ ಪಾಠ ಮುಗಿದ ಮೇಲೆಯೇ ಜನ ಬರುತ್ತಾರೆ. ಹೊಸಬರಿಗೆ ಇಷ್ಟು ಸಾಲದು. ಅವರಿಗೆ ಅರ್ಧ ದಿನ ಎಂಜಿನ್ ಆಫ್ ಮಾಡಿ ಬೀಸುವ ಅಭ್ಯಾಸ, ನಂತರ ನೈಲಾನ್ ದಾರ, ಬ್ಲೇಡ್ ಕೊನೆಗೆ.